ಮಗುವಿನ ಸಿಟ್ಟಿಗೊಂದು ನೋಟ್‌ಪುಸ್ತಕ

ಪರ್ಕಳ ಪೇಟೆಯಿಂದ ಸ್ವಲ್ಪ ಒಳಗಿರುವ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯ ಯಜಮಾನರಿಗೆ ದುಬೈಯಲ್ಲಿ ಕೆಲಸ. ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಈ ಸಲದ ರಜೆ ಮುಗಿದು ಅವರು ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟದ್ದು ಬೆಳಗಿನ ಜಾವ ಮೂರು ಗಂಟೆಗೆ. ಏಳು ವರ್ಷದ ಮಗ ಗಾಢ ನಿದ್ರೆಯಲ್ಲಿದ್ದ. "ಎಬ್ಬಿಸುವುದು ಬೇಡ, ಸುಮ್ಮನೆ ಅಳುತ್ತಾನೆ" ಎಂದು ಹಿರಿಯರು ತೀರ್ಮಾನಿಸಿದರು. ಬೆಳಿಗ್ಗೆ ಎದ್ದ ಹುಡುಗ ಅಳಲೂ ಇಲ್ಲ, ಅಪ್ಪ ಎಲ್ಲಿ ಎಂದು ಕೇಳಲೂ ಇಲ್ಲ. ಮನೆಯವರಿಗೆ ಸಮಾಧಾನವಾಯಿತು.

ಆದರೆ ಅದೇ ವಾರ ತಂಗಿಯ ಗೊಂಬೆಯ ಕೈ ಮುರಿಯಿತು. ಶಾಲೆಯಲ್ಲಿ ಪಕ್ಕದ ಹುಡುಗನಿಗೆ ಪೆನ್ಸಿಲಿನಿಂದ ಚುಚ್ಚಿದ ದೂರು ಬಂತು. ಅನ್ನದ ಬಟ್ಟಲು ಎರಡು ಸಲ ನೆಲ ಕಂಡಿತು. ಅಪ್ಪ ವಿಡಿಯೋ ಕರೆ ಮಾಡಿದರೆ ಹುಡುಗ ಮಂಚದ ಅಡಿ ಸೇರುತ್ತಾನೆ. "ಅತಿ ಮುದ್ದು ಮಾಡಿದ್ದರ ಫಲ" ಎಂದರು ಅಜ್ಜ. "ಎರಡು ಕೊಟ್ಟರೆ ಸರಿಯಾಗುತ್ತಾನೆ" ಎಂದರು ನೆರೆಯವರು.

ಇದು ಯಾವುದೋ ಒಂದು ಮನೆಯ ಗುಟ್ಟಲ್ಲ. ಉಡುಪಿ, ಕಾಪು, ಕಾರ್ಕಳ ಕಡೆಯ ಹಲವು ಮನೆಗಳಲ್ಲಿ ನಡೆಯುವುದನ್ನು ಒಟ್ಟುಗೂಡಿಸಿ ಬರೆದ ಚಿತ್ರ. ಕೆಲವು ಮನೆಗಳಲ್ಲಿ ಕಾರಣ ಅಪ್ಪನ ಪ್ರಯಾಣವಲ್ಲ. ಹೊಸದಾಗಿ ಹುಟ್ಟಿದ ತಮ್ಮ, ಬದಲಾದ ಶಾಲೆ, ತೀರಿಕೊಂಡ ಅಜ್ಜಿ ಅಥವಾ ಬೆಳಗಿನಿಂದ ರಾತ್ರಿಯವರೆಗಿನ ಟ್ಯೂಶನ್. ಕಾರಣ ಯಾವುದೇ ಇರಲಿ, ಪ್ರಶ್ನೆ ಒಂದೇ. ಮಗುವಿಗೆ ಬಂದ ಸಿಟ್ಟು ಹೋಗಬೇಕಾದದ್ದು ಎಲ್ಲಿಗೆ?

ಮನೆಯ ಅತ್ಯಂತ ಬಡವ

"ಬಡವನ ಕೋಪ ದವಡೆಗೆ ಮೂಲ" ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಬಲವಿಲ್ಲದವನು ಕೋಪಿಸಿಕೊಂಡರೆ ಪೆಟ್ಟು ಬೀಳುವುದು ಅವನ ದವಡೆಗೇ. ಯೋಚಿಸಿ ನೋಡಿದರೆ, ಪ್ರತಿಯೊಂದು ಮನೆಯಲ್ಲಿಯೂ ಅಂಥ ಬಡವ ಮಗುವೇ. ಎಲ್ಲಿ ಮಲಗಬೇಕು, ಏನು ತಿನ್ನಬೇಕು, ಯಾವ ಶಾಲೆಗೆ ಹೋಗಬೇಕು, ಅಪ್ಪ ಹೊರಡುವಾಗ ಎಚ್ಚರವಿರಬೇಕೇ ಬೇಡವೇ, ಯಾವುದೂ ಅವನ ಕೈಯಲ್ಲಿಲ್ಲ. ದೊಡ್ಡವರು ರೇಗಿದರೆ "ಆಫೀಸಿನಲ್ಲಿ ಕೆಲಸ ಜಾಸ್ತಿ" ಎನ್ನುತ್ತೇವೆ. ಮಗು ರೇಗಿದರೆ "ಹಠಮಾರಿ" ಎನ್ನುತ್ತೇವೆ.

ಸಿಟ್ಟು ರೋಗವಲ್ಲ. ಹಸಿವು, ಬಾಯಾರಿಕೆಗಳಂತೆ ಅದೂ ದೇಹ ಕೊಡುವ ಒಂದು ಸೂಚನೆ. ಅನ್ಯಾಯವಾಯಿತು, ನೋವಾಯಿತು, ಹೆದರಿಕೆಯಾಯಿತು ಎಂಬುದನ್ನು ಅದು ತಿಳಿಸುತ್ತದೆ. ಮೆದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯದ ಗಂಟೆ ಬಾರಿಸುವ ಕೆಲಸದಲ್ಲಿ ಅದರದು ಮುಖ್ಯ ಪಾತ್ರ. ಗಂಟೆ ಬಾರಿಸಿದೊಡನೆ ಅಡ್ರಿನಾಲಿನ್ ಸ್ರವಿಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮುಷ್ಟಿ ಬಿಗಿಯುತ್ತದೆ. "ತಡೆ, ಯೋಚಿಸು" ಎಂದು ಹೇಳುವುದು ಹಣೆಯ ಹಿಂದಿನ ಮೆದುಳಿನ ಭಾಗ. ಅದು ಪೂರ್ತಿ ಬಲಿಯಲು ಸುಮಾರು ಇಪ್ಪತ್ತೈದರ ವಯಸ್ಸಾದರೂ ಬೇಕು. ಅಂದರೆ ಏಳು ವರ್ಷದ ಮಗುವಿನಲ್ಲಿ ಗಂಟೆ ಜೋರಾಗಿದೆ, ಕಾವಲುಗಾರ ಇನ್ನೂ ಎಳೆಯ. "ನಿನಗೆ ಬುದ್ಧಿ ಇಲ್ಲವೇ?" ಎಂದು ನಾವು ಕೇಳಿದರೆ ಅದಕ್ಕೆ ಸರಿಯಾದ ಉತ್ತರ "ಇನ್ನೂ ಬರುತ್ತಾ ಇದೆ" ಎಂಬುದೇ.

ಈ ಕಾವಲುಗಾರನಿಗೆ ಸಹಾಯ ಮಾಡುವ ಒಂದು ಸುಲಭ ಉಪಾಯ ಭಾವನೆಗೆ ಹೆಸರು ಕೊಡುವುದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಯಸ್ಕರಿಗೆ ಕೋಪದ, ಭಯದ ಮುಖಗಳನ್ನು ತೋರಿಸಿ ಮೆದುಳಿನ ಚಟುವಟಿಕೆಯನ್ನು ಗಮನಿಸಿದರು. ಮುಖದಲ್ಲಿನ ಭಾವನೆಯನ್ನು ಪದದಿಂದ ಗುರುತಿಸಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗಿತು. ಮಾತು ಸಿಕ್ಕಾಗ ಸಿಟ್ಟಿನ ಕಾವು ಇಳಿಯುತ್ತದೆ ಎಂಬ ನಮ್ಮ ಅಜ್ಜಿಯಂದಿರ ಅನುಭವಕ್ಕೆ ಇದು ಹೊಂದುತ್ತದೆ.

ಕಾರಿಕೊಂಡರೆ ಸಾಕೇ?

"ಸಿಟ್ಟನ್ನು ಒಳಗೆ ಇಟ್ಟುಕೊಳ್ಳಬಾರದು, ದಿಂಬಿಗೆ ಹೊಡೆದು ಹೊರಹಾಕಲಿ" ಎಂಬ ಸಲಹೆಯನ್ನು ಅನೇಕರು ಕೊಡುತ್ತಾರೆ. ಕೇಳಲು ಸರಿ ಎನಿಸುತ್ತದೆ, ಆದರೆ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಬ್ರಾಡ್ ಬುಶ್‌ಮನ್ ಎಂಬ ಅಮೆರಿಕದ ಮನೋವಿಜ್ಞಾನಿ 600 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವನ್ನು 2002ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಸಿಟ್ಟು ಬರಿಸಲು ಅವರು ಮಾಡಿದ ಉಪಾಯ ಕುತೂಹಲದ್ದು. ಪ್ರಬಂಧ ಬರೆಸಿ, ಅದನ್ನು ಅತ್ಯಂತ ಕೆಟ್ಟದಾಗಿ ಟೀಕಿಸಿ ಹಿಂದಿರುಗಿಸುವುದು! ಅನಂತರ ಒಂದು ಗುಂಪಿನವರು ಟೀಕಿಸಿದವನನ್ನು ನೆನೆಯುತ್ತ ಗುದ್ದುವ ಚೀಲಕ್ಕೆ ಗುದ್ದಿದರು. ಇನ್ನೊಂದು ಗುಂಪು ವ್ಯಾಯಾಮವೆಂದು ಭಾವಿಸಿ ಗುದ್ದಿತು. ಮೂರನೆಯ ಗುಂಪು ಸುಮ್ಮನೆ ಕುಳಿತಿತು. ಕೊನೆಗೆ ಹೆಚ್ಚು ಸಿಟ್ಟಿನಲ್ಲಿ ಉಳಿದವರು ನೆನೆನೆನೆದು ಗುದ್ದಿದವರು. ಸುಮ್ಮನೆ ಕುಳಿತವರ ಆಕ್ರಮಣಶೀಲತೆ ಎಲ್ಲರಿಗಿಂತ ಕಡಿಮೆ.

ಇದರಿಂದ ನಮಗೆ ಎರಡು ಪಾಠ. ಸಿಟ್ಟನ್ನು ಬರಿದೇ ಕಾರಿಕೊಳ್ಳುವುದು ಪರಿಹಾರವಲ್ಲ. "ನೀನು ಕೆಟ್ಟವ, ನೀನು ಕೆಟ್ಟವ" ಎಂದು ಮಗು ಇಪ್ಪತ್ತು ಸಲ ಬರೆದರೆ ಅದೂ ದಿಂಬಿಗೆ ಗುದ್ದಿದ ಹಾಗೆಯೇ. ಎರಡನೆಯದು, ಬರೆದದ್ದಕ್ಕೆ ಕೆಂಪು ಗೆರೆ ಎಳೆಯುವುದು ದೊಡ್ಡವರಿಗೂ ಸಿಟ್ಟು ತರಿಸುವ ಖಾತ್ರಿಯಾದ ದಾರಿ!

ಹಾಗಾದರೆ ಬರವಣಿಗೆಯಿಂದ ಏನು ಪ್ರಯೋಜನ? ನಮ್ಮ ಯಕ್ಷಗಾನದ ಬಣ್ಣದ ವೇಷವನ್ನು ನೆನಪಿಸಿಕೊಳ್ಳಿ. ರಾಕ್ಷಸ ಒಮ್ಮೆಗೇ ರಂಗಕ್ಕೆ ನುಗ್ಗುವುದಿಲ್ಲ. ಮೊದಲು ತೆರೆಯ ಹಿಂದೆ ಆರ್ಭಟ, ಬಳಿಕ ಕಿರೀಟದ ತುದಿ, ಆಮೇಲೆ ಮುಖ. ಕುಣಿತವಾಗುತ್ತದೆ, ಅರ್ಥಗಾರಿಕೆಯಾಗುತ್ತದೆ, ತನ್ನ ಕೋಪಕ್ಕೆ ಕಾರಣವೇನೆಂದು ರಾಕ್ಷಸನೇ ಹೇಳುತ್ತಾನೆ. ಕಥೆ ಮುಂದುವರಿದು ಅವನ ನಿರ್ಗಮನವೂ ಆಗುತ್ತದೆ. ಬೆಳಗಾದಾಗ ಚೌಕಿಯಲ್ಲಿ ಬಣ್ಣ ಒರೆಸಿಕೊಂಡು ಕುಳಿತವನು ಮನುಷ್ಯನೇ. ಕಥೆ ಬರೆಯುವುದೆಂದರೆ ಸಿಟ್ಟಿಗೆ ಇಂಥದೇ ಒಂದು ರಂಗಸ್ಥಳ ಕೊಡುವುದು. ಅದಕ್ಕೆ ಪ್ರವೇಶವಿದೆ, ಕಾರಣವಿದೆ, ನಿರ್ಗಮನವೂ ಇದೆ.

ಈ ದಾರಿಯ ಹೆಸರಾಂತ ಸಂಶೋಧನೆ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಅವರದು. ಅವರು ಸಾಂಡ್ರಾ ಬೀಲ್ ಅವರೊಂದಿಗೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸಿಗೆ ನೋವು ತಂದ ಘಟನೆಯನ್ನು ಬರೆದರು. ಘಟನೆ ಮತ್ತು ಭಾವನೆ ಎರಡನ್ನೂ ಸೇರಿಸಿ ಬರೆದವರು ಬರೆದ ಕೂಡಲೇ ಇನ್ನಷ್ಟು ಮಂಕಾದರು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿಗೆ ಹೋದದ್ದು ಕಡಿಮೆ. "ಏಕೆಂದರೆ", "ಈಗ ಅರ್ಥವಾಯಿತು" ಎಂಬಂಥ ಮಾತುಗಳು ದಿನದಿಂದ ದಿನಕ್ಕೆ ಹೆಚ್ಚುತ್ತ ಹೋದವರಿಗೆ ಹೆಚ್ಚು ಲಾಭವಾದುದು ಮುಂದಿನ ಅಧ್ಯಯನಗಳಲ್ಲಿ ಕಂಡುಬಂತು. ಇವೆಲ್ಲ ದೊಡ್ಡವರ ಮೇಲಿನ ಪ್ರಯೋಗಗಳು. ಆದ್ದರಿಂದ ಮಗುವಿನ ಬರವಣಿಗೆಯನ್ನು ಔಷಧ ಎಂದು ಕರೆಯುವುದು ಬೇಡ. ಅದು ಮನೆಯಲ್ಲೇ ಕೊಡಬಹುದಾದ ಒಂದು ಊರುಗೋಲು.

ಆರಂಭಿಸುವುದು ಹೇಗೆ?

ಸಿಟ್ಟಿನ ಬಿಸಿಯಲ್ಲಿ ಪೆನ್ಸಿಲ್ ಕೊಡಬೇಡಿ. ಮಗು ಕಿರಿಚುತ್ತಿರುವಾಗ ಅದಕ್ಕೆ ಬೇಕಾದದ್ದು ಹತ್ತಿರದಲ್ಲಿ ಒಬ್ಬ ಶಾಂತ ಮನುಷ್ಯ, ಒಂದು ಲೋಟ ನೀರು, ಸ್ವಲ್ಪ ಸಮಯ. ಹೊಡೆಯುವ ಕೈಯನ್ನು ಮೆಲ್ಲಗೆ ಹಿಡಿಯಿರಿ. "ಸಿಟ್ಟು ಬರಬಹುದು, ಹೊಡೆಯುವ ಹಾಗಿಲ್ಲ" ಎಂಬ ಒಂದೇ ವಾಕ್ಯ ಸಾಕು. ಉಸಿರು ತಹಬಂದಿಗೆ ಬಂದು, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಪುಸ್ತಕದ ಮಾತು.

ಒಂದು ಬೇರೆ ನೋಟ್‌ಪುಸ್ತಕ ಇರಲಿ. ಶಾಲೆಯ ಪುಸ್ತಕ ಬೇಡ, ದುಬಾರಿಯದೂ ಬೇಡ. ರಟ್ಟಿನ ಮೇಲೆ ಹೆಸರನ್ನು ಮಗುವೇ ಬರೆಯಲಿ. ವಾರಕ್ಕೆ ಎರಡು ಮೂರು ಸಲ, ಹತ್ತು ನಿಮಿಷ ಸಾಕು. ಬರೆಯಲು ಬಾರದ ನಾಲ್ಕೈದು ವರ್ಷದ ಮಗು ಹೇಳಲಿ, ನೀವು ಬರೆಯಿರಿ. ಅದು ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ತನ್ನ ಮಾತು ಅಕ್ಷರವಾಗುವುದನ್ನು ನೋಡುವುದೇ ಆ ವಯಸ್ಸಿಗೆ ದೊಡ್ಡ ಗೌರವ.

"ನಿನಗೆ ಯಾಕೆ ಸಿಟ್ಟು?" ಎಂದು ನೇರವಾಗಿ ಕೇಳಿದರೆ ಬರುವ ಉತ್ತರ "ಗೊತ್ತಿಲ್ಲ". ಅದು ಸುಳ್ಳಲ್ಲ, ನಿಜವಾಗಿಯೂ ಗೊತ್ತಿಲ್ಲ. ಆದ್ದರಿಂದ ಸುತ್ತುದಾರಿ ಹಿಡಿಯಬೇಕು. ಕೆಲವು ದಾರಿಗಳು ಹೀಗಿವೆ:

ಪ್ರಾಣಿಯ ಕಥೆ: "ಒಂದು ದಿನ ಹುಲಿಮರಿಗೆ ಸಿಟ್ಟು ಬಂತು" ಎಂಬ ಮೊದಲ ಸಾಲು ನೀವು ಕೊಡಿ. ಅಷ್ಟಮಿಯ ಸಮಯದಲ್ಲಿ ಉಡುಪಿಯಲ್ಲಿ ಹುಲಿವೇಷ ನೋಡಿದ ಮಗುವಿಗೆ ಉಳಿದ ಕಥೆ ತಾನಾಗಿ ಬರುತ್ತದೆ.

ಅಂಚೆಗೆ ಹಾಕದ ಪತ್ರ: ಅಪ್ಪನಿಗೆ, ಗೆಳೆಯನಿಗೆ, ಮಳೆಗೆ, ತೀರಿಕೊಂಡ ಅಜ್ಜಿಗೆ, ಯಾರಿಗೂ ಆಗಬಹುದು. ಕಳುಹಿಸುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ನಿಜ ಬರುತ್ತದೆ.

ಸಿಟ್ಟಿನೊಂದಿಗೆ ಮಾತುಕತೆ: ಸಿಟ್ಟು ಎದುರಿಗೆ ಕುಳಿತಿದೆ. ಅದರ ಬಣ್ಣ ಯಾವುದು, ಅದು ಎಲ್ಲಿ ಮಲಗುತ್ತದೆ, ಅದಕ್ಕೆ ಏನು ಬೇಕು ಎಂದು ಮಗು ಕೇಳಲಿ. ಇದು ನಮಗೆ ಹೊಸದಲ್ಲ. ಮಕ್ಕಳಿಗಾಗಿ ಬರೆಯುವುದನ್ನು ಗಂಭೀರ ಕೆಲಸವೆಂದು ತಿಳಿದಿದ್ದ ನಮ್ಮ ಪಂಜೆ ಮಂಗೇಶರಾಯರು (1874-1937) ತಮ್ಮ 'ನಾಗರಹಾವು' ಪದ್ಯದಲ್ಲಿ ಮಗುವನ್ನು ಹಾವಿನ ಜತೆಗೇ ಮಾತಿಗಿಳಿಸಿದ್ದರು. ಹೆದರಿಕೆ ತರುವುದನ್ನು ಮಾತನಾಡಿಸಿದರೆ ಅದು ಸ್ವಲ್ಪ ಚಿಕ್ಕದಾಗುತ್ತದೆ.

ಬೇರೆ ಮುಕ್ತಾಯ: ಪುಣ್ಯಕೋಟಿಯ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಅಮ್ಮ ಹುಲಿಯ ಬಳಿಗೆ ಹೊರಟಾಗ ಕರುವಿಗೆ ಸಿಟ್ಟು ಬಂದಿರಲಿಲ್ಲವೇ? ಕರುವಿನ ಪರವಾಗಿ ಒಂದು ಪುಟ ಬರೆಯಲಿ.

ಮಗು ಬರೆಯುವಾಗ ನೀವು ಕೇಳಬೇಕಾದ ಪ್ರಶ್ನೆ ಎರಡೇ: "ಯಾಕೆ?" ಮತ್ತು "ಆಮೇಲೆ?" ಮೊದಲನೆಯದು ಸಿಟ್ಟಿಗೆ ಕಾರಣ ಕೊಡುತ್ತದೆ, ಎರಡನೆಯದು ಅದನ್ನು ನಿಂತಲ್ಲಿ ನಿಲ್ಲಲು ಬಿಡುವುದಿಲ್ಲ. ಕಥೆಯಲ್ಲಿ ಹುಲಿಮರಿ ಎಲ್ಲರನ್ನೂ ತಿಂದುಹಾಕಿದರೆ ಗಾಬರಿಯಾಗಬೇಡಿ. "ಆಮೇಲೆ?" ಎಂದು ಕೇಳಿ. ಎಲ್ಲರನ್ನೂ ತಿಂದ ಹುಲಿಗೆ ಆಟಕ್ಕೆ ಜತೆ ಬೇಕಾಗುತ್ತದೆ. ಕಥೆ ಅಲ್ಲಿಂದ ತಿರುಗುವ ಸಾಧ್ಯತೆ ಹೆಚ್ಚು.

ಬರೆಯಲು ಮನಸ್ಸಿಲ್ಲದ ದಿನ ಒತ್ತಾಯ ಬೇಡ. ಆರರಿಂದ ಹನ್ನೆರಡು ವರ್ಷದ ಮಕ್ಕಳ ಮೇಲೆ ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸರದ ಸಂಗತಿಯನ್ನೇ ಚಿತ್ರಿಸಿದ ಮಕ್ಕಳಿಗಿಂತ ಬೇರೆ ಏನನ್ನೋ ಚಿತ್ರಿಸಿದ ಮಕ್ಕಳು ಹೆಚ್ಚು ಗೆಲುವಾದರು. ಒಮ್ಮೊಮ್ಮೆ ಸಿಟ್ಟನ್ನು ಮರೆಯುವುದೂ ಒಳ್ಳೆಯದೇ. ಆ ದಿನ ಮಗು ದೋಣಿಯ ಚಿತ್ರ ಬರೆಯಲಿ.

ಸಿಟ್ಟು ಬರುವುದು ಮನೆಮಾತಿನಲ್ಲಿ

ನಮ್ಮ ಜಿಲ್ಲೆಯ ಮಟ್ಟಿಗೆ ಒಂದು ಮಾತು ಮುಖ್ಯ. ಇಲ್ಲಿನ ಅನೇಕ ಮಕ್ಕಳು ಮನೆಯಲ್ಲಿ ತುಳು ಅಥವಾ ಕೊಂಕಣಿ, ಪೇಟೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾರೆ. "ಎಂಕ್ ಕೋಪ ಬತ್ತ್ಂಡ್" ಎಂದು ಎದೆಯಿಂದ ಬರುವ ಮಾತನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಅರ್ಧ ಸತ್ಯ ಸೋರಿಹೋಗುತ್ತದೆ. ಕನ್ನಡ ಲಿಪಿಯಲ್ಲಿ ತುಳು ಬರೆಯಲಿ, ಕೊಂಕಣಿ ಬರೆಯಲಿ, ಕುಂದಾಪುರದ ಕಡೆಯವರು "ಸಿಟ್ಟ್ ಬಂತ್" ಎಂದೇ ಬರೆಯಲಿ. ಮೂರು ಭಾಷೆ ಬೆರೆತರೂ ಆಕ್ಷೇಪ ಬೇಡ.

ಹಾಗೆಯೇ ಮಗುವಿಗೆ ಪದಗಳನ್ನೂ ಕೊಡಿ. ಸಿಟ್ಟು ಬೇರೆ, ಮುನಿಸು ಬೇರೆ. ಹೊಟ್ಟೆಕಿಚ್ಚು ಬೇರೆ, ಅವಮಾನ ಬೇರೆ. ಗೊಂಬೆ ಮುರಿದದ್ದು ತಂಗಿಯ ಮೇಲಿನ ಹೊಟ್ಟೆಕಿಚ್ಚಿನಿಂದಲೋ, ಅಪ್ಪನ ಮೇಲಿನ ಮುನಿಸಿನಿಂದಲೋ ಎಂಬುದು ಪದ ಗೊತ್ತಿದ್ದರೆ ಮಾತ್ರ ಮಗುವಿಗೂ ತಿಳಿದೀತು.

ದೊಡ್ಡವರು ಪಾಲಿಸಬೇಕಾದ ನಿಯಮಗಳು

ಈ ಪುಸ್ತಕದಲ್ಲಿ ಕಾಗುಣಿತ ತಿದ್ದಬಾರದು, ಅಂಕ ಕೊಡಬಾರದು. ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ಬರೆಸಬಾರದು. ನೂರು ಸಲ ಬರೆಸುವ ಶಿಕ್ಷೆಗೆ ಇದು ಸಂಬಂಧಿಯಾದರೆ ಎಲ್ಲವೂ ಮುಗಿಯಿತು. ನೆಂಟರ ಮುಂದೆ ಓದಿ ನಗಬಾರದು, ಮೊಬೈಲಿನಲ್ಲಿ ಫೋಟೋ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಾರದು. ಮಗುವಿನ ಅನುಮತಿಯಿಲ್ಲದೆ ಪುಸ್ತಕ ತೆರೆಯಬಾರದು. "ಅಮ್ಮ ಕೆಟ್ಟವಳು" ಎಂದು ಬರೆದದ್ದಕ್ಕೆ ಪೆಟ್ಟು ಕೊಟ್ಟರೆ ಮಗು ಇನ್ನೆಂದೂ ಬರೆಯುವುದಿಲ್ಲ. ಆದರೆ ಹಾಗೆ ಅನಿಸುವುದು ನಿಲ್ಲುವುದಿಲ್ಲ. ನಿಮಗೆ ಗೊತ್ತಾಗುವುದು ಮಾತ್ರ ನಿಲ್ಲುತ್ತದೆ.

ಈ ಗುಟ್ಟಿಗೆ ಒಂದೇ ಒಂದು ವಿನಾಯಿತಿ ಇದೆ. ಅದನ್ನು ಮೊದಲ ದಿನವೇ ಮಗುವಿಗೆ ಹೇಳಿಬಿಡಿ: "ನಿನಗೆ ಯಾರಾದರೂ ನೋವು ಮಾಡುತ್ತಿದ್ದರೆ, ಅಥವಾ ನೀನೇ ನಿನಗೆ ನೋವು ಮಾಡಿಕೊಳ್ಳಬೇಕು ಅನಿಸಿದರೆ ನನಗೆ ಹೇಳಬೇಕು. ನಾನು ಬೈಯುವುದಿಲ್ಲ, ಸಹಾಯ ಮಾಡುತ್ತೇನೆ." ಮಗು ತೋರಿಸಿದ ಬರವಣಿಗೆಯಲ್ಲಿ ಯಾರದೋ ಕೆಟ್ಟ ಸ್ಪರ್ಶದ ಅಥವಾ ಪೆಟ್ಟಿನ ಸುಳಿವು ಕಂಡರೆ ಅದನ್ನು ಕಲ್ಪನೆ ಎಂದು ತಳ್ಳಿಹಾಕಬೇಡಿ, ಪೊಲೀಸರಂತೆ ಪ್ರಶ್ನೆಗಳ ಸುರಿಮಳೆಯನ್ನೂ ಸುರಿಸಬೇಡಿ. ನಂಬಿ, ಕೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೋ ಕಾಯಿದೆಯ ಪ್ರಕಾರ ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಿಟ್ಟಿಗೆ ಕಾರಣ ಶಾಲೆಯ ಪೆಟ್ಟು ಎಂದು ತಿಳಿದರೂ ಸುಮ್ಮನಿರಬೇಕಾಗಿಲ್ಲ. ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ.

ವೈದ್ಯರ ಬಳಿಗೆ ಯಾವಾಗ?

ಎರಡು ಮೂರು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡುವುದು ಆ ವಯಸ್ಸಿನ ಸಹಜ ಗುಣ. ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಸಿಟ್ಟು ಮನೆಯಲ್ಲಿಯೂ ಶಾಲೆಯಲ್ಲಿಯೂ ತಿಂಗಳುಗಟ್ಟಲೆ ಮುಂದುವರಿದರೆ, ತನಗೋ ಇತರರಿಗೋ ಪ್ರಾಣಿಗಳಿಗೋ ಗಾಯ ಮಾಡುತ್ತಿದ್ದರೆ, ಸಾಯುವ ಮಾತು ಬಂದರೆ, ನಿದ್ರೆ, ಊಟ ಕೆಟ್ಟರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ ನೋಟ್‌ಪುಸ್ತಕವನ್ನು ನೆಚ್ಚಿ ಕೂರಬೇಡಿ. ಮೊದಲು ಮಕ್ಕಳ ವೈದ್ಯರನ್ನು ಕಾಣಿ. ನಿದ್ರೆಯ ಕೊರತೆ, ಕಿವಿ ಸರಿಯಾಗಿ ಕೇಳಿಸದಿರುವುದು ಮುಂತಾದ ದೈಹಿಕ ಕಾರಣಗಳೂ ಇರಬಹುದು.

ಪುಸ್ತಕ ಕಂಡರೇ ಸಿಟ್ಟಾಗುವ ಮಗುವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬುದ್ಧಿ ಚುರುಕಾಗಿದ್ದರೂ ಅಕ್ಷರಗಳು ಕೈಗೆ ಹತ್ತದ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆ ಇರಬಹುದು. ಆಗ ಸಿಟ್ಟಿಗೆ ಮೂಲವೇ ಬರವಣಿಗೆ. ಅಂಥ ಮಗು ಬಾಯಲ್ಲಿ ಕಥೆ ಹೇಳಲಿ, ನೀವು ಬರೆಯಿರಿ. ತಜ್ಞರಿಂದ ಪರೀಕ್ಷೆಯನ್ನೂ ಮಾಡಿಸಿ.

ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಿದೆ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಕೇಳಬಹುದು.

ಬಿಸಿ ಆರದ ಊಟ

ಅಮೆರಿಕದ ಲೇಖಕ ಮಾರಿಸ್ ಸೆಂಡಾಕ್ 1963ರಲ್ಲಿ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ತಂದರು. ಮ್ಯಾಕ್ಸ್ ಎಂಬ ಹುಡುಗ ತುಂಟತನ ಮಾಡಿ ಅಮ್ಮನ ಮೇಲೆ ರೇಗುತ್ತಾನೆ. ಊಟವಿಲ್ಲದೆ ಕೋಣೆ ಸೇರುತ್ತಾನೆ. ಕೋಣೆ ಕಾಡಾಗುತ್ತದೆ. ಅಲ್ಲಿನ ಭಯಂಕರ ಪ್ರಾಣಿಗಳಿಗೆ ಅವನೇ ರಾಜನಾಗುತ್ತಾನೆ, ಕುಣಿಯುತ್ತಾನೆ, ಕೊನೆಗೆ ಮನೆಯ ನೆನಪಾಗಿ ಹಿಂದಿರುಗುತ್ತಾನೆ. ಕೋಣೆಯಲ್ಲಿ ಊಟ ಕಾದಿರುತ್ತದೆ, ಇನ್ನೂ ಬಿಸಿಯಾಗಿ. ಮಕ್ಕಳ ಪುಸ್ತಕದಲ್ಲಿ ಇಷ್ಟು ಸಿಟ್ಟೇ ಎಂದು ಆಗ ಕೆಲವು ಹಿರಿಯರು ಹುಬ್ಬೇರಿಸಿದ್ದರು. ಮಕ್ಕಳಿಗೆ ಅರ್ಥವಾಗಿತ್ತು. ಸಿಟ್ಟಿನ ಕಾಡಿಗೆ ಹೋಗಿ ಬರಬಹುದು; ಬಂದಾಗ ಮನೆ ಇರುತ್ತದೆ, ಊಟ ಇರುತ್ತದೆ.

ಪರ್ಕಳದ ನಮ್ಮ ಆ ಮನೆಗೆ ಮರಳೋಣ. ಹುಡುಗ ಹೇಳಿದ್ದನ್ನು ಅಮ್ಮ ಬರೆದುಕೊಂಡರೆ ಕಥೆ ಹೀಗಿದ್ದೀತು: "ಒಂದು ಕಳ್ಳ ವಿಮಾನ ಇತ್ತು. ಅದು ರಾತ್ರಿ ಬಂದು ಅಪ್ಪಂದಿರನ್ನು ಕದಿಯುತ್ತದೆ. ಹುಲಿಮರಿಗೆ ಸಿಟ್ಟು ಬಂತು. ಅದು ವಿಮಾನದ ರೆಕ್ಕೆ ಕಚ್ಚಿತು." "ಯಾಕೆ?" ಎಂದು ಅಮ್ಮ ಕೇಳುತ್ತಾಳೆ. "ಯಾಕೆಂದರೆ ಅದು ಹುಲಿಮರಿಯನ್ನು ಎಬ್ಬಿಸಲಿಲ್ಲ." "ಆಮೇಲೆ?" ಹುಡುಗ ಸ್ವಲ್ಪ ಹೊತ್ತು ಯೋಚಿಸುತ್ತಾನೆ. "ಆಮೇಲೆ ಹುಲಿಮರಿ ಹೇಳಿತು, ಇನ್ನು ಬರುವಾಗ ಹಗಲು ಬಾ. ನಾನು ಟಾಟಾ ಮಾಡಿದ ಮೇಲೆ ಕರಕೊಂಡು ಹೋಗು."

ಮಗ ಕೇಳಿದ್ದು ಅಪ್ಪ ಹೋಗಬಾರದು ಎಂದಲ್ಲ. ಒಂದು ಟಾಟಾ, ಅಷ್ಟೇ. ಮಗನ ಒಪ್ಪಿಗೆ ಪಡೆದು ಆ ರಾತ್ರಿ ಅಮ್ಮ ಫೋನಿನಲ್ಲಿ ಈ ಕಥೆಯನ್ನು ಓದಿದರೆ, ದುಬೈಯಲ್ಲಿರುವ ಆ ಅಪ್ಪ ಹೇಳಬೇಕಾದ ಮಾತೂ ದೊಡ್ಡದಲ್ಲ: "ತಪ್ಪಾಯಿತು ಮಗಾ. ಮುಂದಿನ ಸಲ ನಿನ್ನನ್ನು ಎಬ್ಬಿಸಿಯೇ ಹೊರಡುತ್ತೇನೆ." ಮುಂದಿನ ರಜೆ ಮುಗಿದಾಗ ವಿಮಾನ ಎಷ್ಟೇ ಹೊತ್ತಿಗಿರಲಿ, ಆ ಮಾತನ್ನು ನಡೆಸಿಕೊಡುವುದು ಮಾತ್ರ ದೊಡ್ಡವರ ಪಾಲಿನ ಕೆಲಸ.